ಪರದೇಶಿ ಸಾಕ್ಷಿಗೂ ಪಾಟೀಸವಾಲು ಬೇಕು

ವಿಜಯನಗರದ ಬಗ್ಗೆ ನಮ್ಮಲ್ಲಿ ಯಾವ ಭಾಷಣವಾದರೂ ಸರಿ, ಹತ್ತು ನಿಮಿಷ ಕಳೆಯುವುದರೊಳಗೆ ಒಬ್ಬ ವಿದೇಶಿ ಪ್ರವಾಸಿ ವೇದಿಕೆ ಹತ್ತಿರುತ್ತಾನೆ. ಒಮ್ಮೆ ಹೆರಾತಿನ ಅಬ್ದುಲ್ ರಜಾಕ್, ಇನ್ನೊಮ್ಮೆ ವೆನಿಸ್ ಕಡೆಯ ನಿಕೊಲೊ ಕಾಂಟಿ, ಮತ್ತೊಮ್ಮೆ ಪೋರ್ಚುಗೀಸರಾದ ಪೇಸ್ ಮತ್ತು ನೂನಿಜ್. ಭಾಷಣಕಾರರು ಅವರ ಬಾಯಿಂದ ಒಂದೆರಡು ಹೊಗಳಿಕೆಯ ಮಾತು ಆಡಿಸಿ ಸಭೆಯತ್ತ ತಿರುಗುತ್ತಾರೆ: 'ಇದನ್ನು ನಾನು ಹೇಳುತ್ತಿಲ್ಲ ಸ್ವಾಮಿ, ಪರದೇಶದವನು ಹೇಳಿದ್ದು. ಅವನಿಗೇನು ನಮ್ಮ ರಾಯರ ಅನ್ನದ ಋಣವಿತ್ತೇ? ಸುಳ್ಳು ಹೇಳಿ ಅವನಿಗೇನಾಗಬೇಕಿತ್ತು?' ಚಪ್ಪಾಳೆ ಬೀಳುತ್ತದೆ. ಶಾಲೆಯ ಪ್ರಬಂಧ, ಹಂಪಿಯ ಗೈಡುಗಳ ವಿವರಣೆ, ದಸರಾ ಹೊತ್ತಿನ ಪತ್ರಿಕಾ ಪುರವಣಿ, ಎಲ್ಲೆಡೆ ಇದೇ ತರ್ಕ. ಹೊರಗಿನವನು ನಿಷ್ಪಕ್ಷಪಾತಿ, ಕಣ್ಣಾರೆ ಕಂಡವನು, ಆದ್ದರಿಂದ ಅವನು ಬರೆದದ್ದೆಲ್ಲ ಇತಿಹಾಸ.

ಕೇಳಲು ಚೆಂದ, ಬುಡ ಟೊಳ್ಳು. ಅನ್ನದ ಋಣದಿಂದಲೇ ಶುರು ಮಾಡೋಣ. 1443ರಲ್ಲಿ ಷಾರುಖ್ ದೊರೆಯ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ತನಗೆ ಅರಮನೆಯಿಂದ ದಿನವೂ ಬರುತ್ತಿದ್ದ ಪಡಿಯ ಪಟ್ಟಿಯನ್ನು ತಾನೇ ಕೊಟ್ಟಿದ್ದಾನೆ: ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲೆ ಎರಡು ವರಾಹ. ಇದಕ್ಕಿಂತ ಅಕ್ಷರಶಃ ಅನ್ನದ ಋಣ ಬೇರೆ ಬೇಕೆ? ಪೇಸ್ ಬಂದದ್ದು ಕ್ರಿಸ್ಟೊವೊ ದ ಫಿಗ್ಯುರೆದೊ ಎಂಬ ಪೋರ್ಚುಗೀಸ್ ನಾಯಕನ ಪರಿವಾರದಲ್ಲಿ. ಕೃಷ್ಣದೇವರಾಯ ಆ ಪರಿವಾರವನ್ನು ಬರಮಾಡಿಕೊಂಡು ಉಡುಗೊರೆ ಕೊಟ್ಟ. ನೂನಿಜ್ ಕುದುರೆ ವ್ಯಾಪಾರಿ. ಅವನ ಸರಕಿಗೆ ದೊಡ್ಡ ಗಿರಾಕಿ ಯಾರೆಂದು ಬೇರೆ ಹೇಳಬೇಕಿಲ್ಲ. ಹೀಗೆಂದ ಮಾತ್ರಕ್ಕೆ ಇವರೆಲ್ಲ ಸುಳ್ಳುಗಾರರಾಗುವುದಿಲ್ಲ. ಆದರೆ 'ಹಂಗಿಲ್ಲದವರು' ಎಂಬ ಪ್ರಮಾಣಪತ್ರವನ್ನು ನಾವೇ ಬರೆದು ನಾವೇ ಮೊಹರು ಒತ್ತಿದ್ದು. ಅವರಾರೂ ಅದನ್ನು ಕೇಳಿರಲಿಲ್ಲ.

ಈ ವಾದದ ದೌರ್ಬಲ್ಯ ಎದ್ದು ಕಾಣುವುದು ನಮ್ಮವರು ಸ್ವಲ್ಪ ಕಡಿಮೆ ಓದುವ ಒಬ್ಬ ಸಾಹಸಿಯ ವಿಷಯದಲ್ಲಿ. ಲುಡೋವಿಕೊ ದಿ ವರ್ತೆಮ, ಇಟಲಿಯ ಬೊಲೋನ್ಯಾದವನು. 1502ರ ಕೊನೆಯ ಹೊತ್ತಿಗೆ ವೆನಿಸ್ ಬಿಟ್ಟು ಈಜಿಪ್ಟ್, ಸಿರಿಯಾ ಸುತ್ತಿದ. ಡಮಾಸ್ಕಸ್ಸಿನಲ್ಲಿ ಕಾವಲುಪಡೆಯ ನಾಯಕನ ಕೈ ಬೆಚ್ಚಗೆ ಮಾಡಿ, ಯೂನುಸ್ ಎಂದು ಹೆಸರಿಟ್ಟುಕೊಂಡು, ಮಾಮ್ಲೂಕ್ ಸಿಪಾಯಿಯ ವೇಷದಲ್ಲಿ 1503ರ ಹಜ್ ಯಾತ್ರಿಕರ ಜೊತೆ ಮದೀನಾ, ಮೆಕ್ಕಾ ನೋಡಿದ. ಏಡನ್ನಿನಲ್ಲಿ ಕ್ರೈಸ್ತ ಗೂಢಚಾರನೆಂದು ಸೆರೆಬಿದ್ದು, ಹುಚ್ಚನಂತೆ ನಟಿಸಿ, ತನ್ನ ಮೇಲೆ ಮೋಹಗೊಂಡ ಅಲ್ಲಿನ ರಾಣಿಯ ಕೃಪೆಯಿಂದ ಪಾರಾದೆ ಎಂದು ಬರೆದಿದ್ದಾನೆ. ಆಮೇಲೆ ಪರ್ಷಿಯಾ, ಗುಜರಾತಿನ ಖಂಬಾತ್, ಚೌಲ್, ದಾಭೋಳ, ಗೋವಾ, ಬಿಜಾಪುರ, ಭಟ್ಕಳ, ಅಂಕೋಲ, ಹೊನ್ನಾವರ, ಮಂಗಳೂರು, ಕಣ್ಣೂರು, ವಿಜಯನಗರ, ಕಲ್ಲಿಕೋಟೆ. ಅಲ್ಲಿಂದ ಸಿಂಹಳ, ಬಂಗಾಳ, ಪೆಗು, ಮಲಕ್ಕಾ, ಸುಮಾತ್ರಾ, ಕೊನೆಗೆ ಜಾಯಿಕಾಯಿಯ ಬಂಡಾ ಮತ್ತು ಲವಂಗದ ಮಲುಕು ದ್ವೀಪಗಳು. ತಿರುಗಿ ಕಲ್ಲಿಕೋಟೆಗೆ ಬಂದು ಮುಸ್ಲಿಂ ಸಂತನ ಸೋಗು ಹಾಕಿ, ಕಣ್ಣೂರಿನ ಪೋರ್ಚುಗೀಸರ ಬಳಿಗೆ ಓಡಿಹೋಗಿ, ಅವರ ಪರವಾಗಿ ಕಾದಾಡಿ, ವೈಸರಾಯ್ ಅಲ್ಮೇಡನ ಕೈಯಿಂದ ನೈಟ್ ಪದವಿ ಪಡೆದು, 1507ರ ಕೊನೆಯಲ್ಲಿ ಊರಿನ ಹಡಗು ಹತ್ತಿದ. 1510ರ ಡಿಸೆಂಬರಿನಲ್ಲಿ ರೋಮಿನಲ್ಲಿ ಅವನ ಪುಸ್ತಕ ಅಚ್ಚಾಯಿತು. ಮರುವರ್ಷವೇ ಲ್ಯಾಟಿನ್ನಿಗೆ ಹೋಯಿತು, 1515ರಲ್ಲಿ ಚಿತ್ರಗಳ ಸಮೇತ ಜರ್ಮನ್ನಿಗೆ.

ಪುಸ್ತಕದ ಮೊದಲಲ್ಲೇ ಅವನದೊಂದು ಜಂಬವಿದೆ. ಕೇಳಿ ಹೇಳುವ ಹತ್ತು ಜನಕ್ಕಿಂತ ಕಂಡು ಹೇಳುವ ಒಬ್ಬನ ಮಾತಿಗೆ ಬೆಲೆ ಹೆಚ್ಚು, ನಾನು ಕಂಡವನು ಎಂಬ ಅರ್ಥದ ಮಾತು. ನಮ್ಮ ವೇದಿಕೆಗಳ ತರ್ಕವೂ ಇದೇ ತಾನೆ? ಐನೂರು ವರ್ಷದ ಹಿಂದೆ ಮಾರುಕಟ್ಟೆಗೆ ಪುಸ್ತಕ ಬಿಟ್ಟ ಸಾಹಸಿಯೊಬ್ಬ ತನ್ನ ಸರಕಿಗೆ ತಾನೇ ಅಂಟಿಸಿದ ಚೀಟಿಯನ್ನು ನಾವು ಇತಿಹಾಸದ ಪ್ರಮಾಣಸೂತ್ರವೆಂದು ಹಿಡಿದುಕೊಂಡಿದ್ದೇವೆ.

ಸುಳ್ಳು ಹೇಳಿ ಅವನಿಗೇನಾಗಬೇಕಿತ್ತು ಎಂಬ ಪ್ರಶ್ನೆಗೂ ಇವನ ವಿಷಯದಲ್ಲಿ ಲೆಕ್ಕ ಸಮೇತ ಉತ್ತರವಿದೆ. ವೆನಿಸ್ಸಿನ ಮರಿನೊ ಸನುಡೊ ಎಂಬಾತ ಬರೆದಿಟ್ಟ ದಿನಚರಿಯಲ್ಲಿ 1508ರ ನವೆಂಬರಿನ ಒಂದು ನಮೂದು ಇದೆ. ಕಲ್ಲಿಕೋಟೆಯಿಂದ ಬಂದ ಬೊಲೋನ್ಯಾದವನೊಬ್ಬ ನಗರದ ಹಿರಿಯರ ಸಭೆಯ ಮುಂದೆ ಆ ಕಡೆಯ ವಿಚಾರಗಳನ್ನು ಹೇಳಿದ, ಅವನ ಶ್ರಮಕ್ಕೆ 25 ಡುಕಾಟ್ ಕೊಡಲಾಯಿತು. (ಕಣ್ಣೂರಿನಲ್ಲಿ ಇಳಿಯುವ ಒಂದೊಂದು ಕುದುರೆಗೆ ಕಟ್ಟಬೇಕಿದ್ದ ಸುಂಕವೆಂದು ವರ್ತೆಮ ಬರೆದಿರುವುದೂ 25 ಡುಕಾಟೇ. ಒಂದು ಕಥೆಗೆ ಒಂದು ಕುದುರೆಯ ಸುಂಕ, ಮೋಸವಿಲ್ಲ.) ಪುಸ್ತಕವನ್ನು ಅರ್ಪಿಸಿದ್ದು ಕೊಲೊನ್ನಾ ಮನೆತನದ ದೊಡ್ಡ ಯಜಮಾನಿಗೆ. ಅಂದರೆ ಕಥೆ ಕಟ್ಟಿದಷ್ಟೂ ಹಣ, ಕಥೆ ರಂಗೇರಿದಷ್ಟೂ ಆಶ್ರಯ. ಹೊರಗಿನವನಿಗೆ ನಮ್ಮ ಅರಸನ ಹಂಗು ಇಲ್ಲದಿರಬಹುದು, ಅವನ ಓದುಗನ ಹಂಗು ಇದ್ದೇ ಇತ್ತು. ದೂರದ ನಾಡಿನ ಸಿರಿಯನ್ನು ಉಬ್ಬಿಸಿ ಹೇಳಿದರೆ ಯೂರೋಪಿನಲ್ಲಿ ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ. ಸಪ್ಪೆಯಾಗಿ ಹೇಳಿದರೆ ಯಾರೂ ಕೊಳ್ಳುತ್ತಿರಲಿಲ್ಲ.

ಈಗ ಅವನನ್ನು ಕಟಕಟೆಗೆ ಕರೆಯೋಣ. ವಿಜಯನಗರದ ಭಾಗವನ್ನೇ ತೆಗೆದುಕೊಳ್ಳೋಣ, ಯಾಕೆಂದರೆ ನಮ್ಮವರಿಗೆ ಬೇಕಾದ ಸಾಲುಗಳಿರುವುದು ಅಲ್ಲೇ. ಕಣ್ಣೂರಿನಿಂದ ನೆಲದ ಹಾದಿಯಲ್ಲಿ ಪೂರ್ವಕ್ಕೆ ಹದಿನೈದು ದಿನ ನಡೆದು ಆ ನಗರ ಸೇರಿದೆವು ಎನ್ನುತ್ತಾನೆ. ಹಾದಿಯ ವೃತ್ತಾಂತ ಇಷ್ಟೇ. ನಕ್ಷೆ ತೆಗೆದು ನೋಡಿ. ಕಣ್ಣೂರಿನಿಂದ ಹಂಪಿ ಇರುವುದು ಪೂರ್ವಕ್ಕಲ್ಲ, ಬಹುಪಾಲು ಉತ್ತರಕ್ಕೆ, ಹಕ್ಕಿ ಹಾರುವ ದಾರಿಯಲ್ಲೇ ಸುಮಾರು 400 ಕಿಲೋಮೀಟರ್. ನಡುವೆ ಇಡೀ ಪಶ್ಚಿಮ ಘಟ್ಟವಿದೆ, ಹೊಳೆಗಳಿವೆ, ದಟ್ಟ ಕಾಡಿದೆ, ಘಟ್ಟ ಹತ್ತಿದ ಮೇಲೆ ಬಯಲುಸೀಮೆಯಿದೆ. ದಿನಕ್ಕೆ 30-35 ಕಿಲೋಮೀಟರ್ ನಡೆದರೆ ಹದಿನೈದು ದಿನದಲ್ಲಿ ಮುಟ್ಟಬಹುದು, ಅಸಾಧ್ಯವೇನಲ್ಲ. ಆದರೆ ಮೆಕ್ಕಾದ ಹಾದಿಯ ಒಂದೊಂದು ನೀರಿನ ತಾಣವನ್ನೂ ನೆನಪಿಟ್ಟುಕೊಂಡು ಬರೆದ ಮನುಷ್ಯನಿಗೆ ಘಟ್ಟ ಹತ್ತಿದ್ದೊಂದೂ ನೆನಪಿಗೆ ಬರಲಿಲ್ಲವೇ? ಪಾಟೀಸವಾಲಿನಲ್ಲಿ ಇದು ಮೊದಲ ಪ್ರಶ್ನೆ.

ಎರಡನೆಯದು ನಗರದ ಅಳತೆ. ಮೂರು ಸುತ್ತಿನ ಗೋಡೆ, ಸುತ್ತಳತೆ ಏಳು ಮೈಲಿ ಎನ್ನುತ್ತಾನೆ. ಸುಮಾರು ಎಂಬತ್ತು ವರ್ಷ ಹಿಂದೆ ಬಂದಿದ್ದ ಕಾಂಟಿಯ ಪ್ರಕಾರ ಸುತ್ತಳತೆ ಅರವತ್ತು ಮೈಲಿ. ರಜಾಕ್ ಕಂಡದ್ದು ಒಂದರೊಳಗೊಂದು ಏಳು ಕೋಟೆ. ನಮ್ಮ ಭಾಷಣಗಳಲ್ಲಿ ಯಾವುದು ಉಳಿದಿದೆ ಹೇಳಿ? ಅರವತ್ತು ಮೈಲಿ, ಏಳು ಕೋಟೆ. ವರ್ತೆಮನ ಏಳು ಮೈಲಿಯನ್ನು ಎತ್ತಿ ಹೇಳಿದವರನ್ನು ನಾನು ಕಂಡಿಲ್ಲ. ಅವನೂ ಪರದೇಶದವನೇ, ಅವನೂ ಕಂಡವನೇ. ಸಂಖ್ಯೆ ಸಣ್ಣದಾದದ್ದಷ್ಟೇ ಅವನ ತಪ್ಪು.

ಸೈನ್ಯದ ಲೆಕ್ಕವಂತೂ ಇನ್ನೂ ಸೊಗಸು. ವರ್ತೆಮನಿಗೆ 40,000 ಕುದುರೆ ಸವಾರರು, 400 ಆನೆ. ಹೆಚ್ಚುಕಡಿಮೆ ಹತ್ತು ವರ್ಷದ ಬಳಿಕ ಬರೆದ ಪೋರ್ಚುಗೀಸ್ ದುವಾರ್ತೆ ಬಾರ್ಬೊಸನಿಗೆ 20,000ಕ್ಕೆ ಮೇಲ್ಪಟ್ಟು ಕುದುರೆ, 900ಕ್ಕೆ ಮೇಲ್ಪಟ್ಟು ಆನೆ. ಪೇಸ್ ಹೇಳುವುದು ಹತ್ತು ಲಕ್ಷ ಸೈನಿಕರು, ಅದರಲ್ಲಿ 35,000 ಸವಾರರು. ನೂನಿಜನ ರಾಯಚೂರು ಯುದ್ಧದಲ್ಲಿ 7,03,000 ಕಾಲಾಳು, 32,600 ಕುದುರೆ, 551 ಆನೆ. ಕೊನೆಯ ಆನೆಯವರೆಗೆ ಎಣಿಸಿದಂತಿದೆ. ಆದರೆ ನೂನಿಜ್ ಬರೆದದ್ದು ಯುದ್ಧ ಮುಗಿದು ಸುಮಾರು ಹದಿನೈದು ವರ್ಷದ ಮೇಲೆ, ಮತ್ತು ಅವನು ಕೊಡುವ ಯುದ್ಧದ ವರ್ಷವೇ 1522. ಅದು 1520 ಎಂದು ಇತಿಹಾಸಕಾರ ರಾಬರ್ಟ್ ಸೀವೆಲ್ ಅವನದೇ ವಾರ, ತಿಥಿಗಳನ್ನು ಹಿಡಿದು ಲೆಕ್ಕ ಹಾಕಿ ತೋರಿಸಬೇಕಾಯಿತು. ಯುದ್ಧದ ವರ್ಷದಲ್ಲೇ ಎಡವಿದವನು 551ನೇ ಆನೆಯನ್ನು ಎಣಿಸಿದ್ದಾನೆಂದು ನಂಬುವವರು ನಂಬಬಹುದು.

ಅಂತಃಪುರದ ಲೆಕ್ಕ ಕೇಳಲೇಬೇಡಿ. ಕಾಂಟಿಯ ಪ್ರಕಾರ ರಾಜನಿಗೆ 12,000 ಹೆಂಡಿರು, ರಜಾಕನ ಪ್ರಕಾರ 700. ಇಬ್ಬರ ನಡುವೆ ಕಾಲು ಶತಮಾನದ ಅಂತರವೂ ಇಲ್ಲ. ಕಾಂಟಿಯ ಕಥೆ ನಮಗೆ ಸಿಕ್ಕ ಬಗೆಯನ್ನೂ ಮರೆಯಬಾರದು. ಅದು ಅವನು ಬರೆದದ್ದೇ ಅಲ್ಲ. ಪ್ರವಾಸದಲ್ಲಿ ಮತ ಬಿಟ್ಟ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಪೋಪನ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲಿನಿಗೆ ಹೇಳಿದ್ದು, ಪೊಜ್ಜೊ ತನ್ನ ಲ್ಯಾಟಿನ್ನಿನಲ್ಲಿ ಬರೆದದ್ದು. ಇದನ್ನು ಕಣ್ಣಾರೆ ಕಂಡ ಸಾಕ್ಷ್ಯ ಎನ್ನುವುದಾದರೆ ಕೋರ್ಟಿನ ಬೆಂಚ್ ಕ್ಲಾರ್ಕ್ ಕೂಡ ಸಾಕ್ಷಿಯೇ.

ಮತ್ತೆ ವರ್ತೆಮನಿಗೆ ಬರುತ್ತೇನೆ. ವಿಜಯನಗರದ ಗಾಳಿ, ನೆಲೆ, ಬೇಟೆಯ ತಾಣಗಳನ್ನು ಹೊಗಳುತ್ತ ಇದು ಇನ್ನೊಂದು ಸ್ವರ್ಗವೇ ಎನ್ನುತ್ತಾನೆ. ನಮ್ಮವರಿಗೆ ಸಕ್ಕರೆಯಂಥ ಮಾತು. ನನ್ನ ಕಣ್ಣಿಗೆ ಆ ಇಡೀ ಅಧ್ಯಾಯದಲ್ಲಿ ಅತ್ಯಂತ ನಿರುಪಯೋಗಿ ಸಾಲು ಅದೇ. ದೂರದ ಊರನ್ನು ಸ್ವರ್ಗ ಎನ್ನುವುದು ಆ ಕಾಲದ ಪ್ರವಾಸಕಥೆಗಳ ಸವಕಲು ನಾಣ್ಯ. ಅದರಿಂದ ಹಂಪಿಯ ಬಗ್ಗೆ ನಮಗೆ ಒಂದೂ ಹೊಸ ಸಂಗತಿ ತಿಳಿಯುವುದಿಲ್ಲ.

ಅದೇ ಪುಟಗಳಲ್ಲಿ ಯಾರೂ ಉದ್ಧರಿಸದ ಇನ್ನೊಂದು ಭಾಗವಿದೆ. ಇಲ್ಲಿ ಒಂದು ಕುದುರೆಗೆ 300, 400, 500 ಪರ್ದಾವ್ (ಚಿನ್ನದ ನಾಣ್ಯ) ಬೆಲೆ, ಕೆಲವು 800ಕ್ಕೂ ಹೋಗುತ್ತವೆ. ಈ ಸೀಮೆಯಲ್ಲಿ ಕುದುರೆ ಹುಟ್ಟುವುದಿಲ್ಲ. ಹೆಣ್ಣು ಕುದುರೆಗಳಂತೂ ಸಿಗುವುದೇ ಅಪರೂಪ, ಏಕೆಂದರೆ ಬಂದರುಗಳನ್ನು ಹಿಡಿದಿರುವ ರಾಜರು ಅವನ್ನು ಒಳನಾಡಿಗೆ ಬಿಡುವುದಿಲ್ಲ. ಇದು ನನ್ನ ಮಾತುಗಳಲ್ಲಿ ಅವನ ಸಾರಾಂಶ. ಹೆಣ್ಣು ಕುದುರೆ ಹೋದರೆ ಅಲ್ಲೇ ಮರಿ ಹಾಕಿಸಿಕೊಳ್ಳುತ್ತಾರೆ, ವರ್ಷ ವರ್ಷ ಹಡಗು ತುಂಬಿ ತರುವ ವ್ಯಾಪಾರ ನಿಲ್ಲುತ್ತದೆ. ವಿಜಯನಗರದ ಅಶ್ವಬಲ ಯಾಕೆ ಸದಾ ಕಡಲಿನ ಕಡೆ ಕೈಚಾಚಿ ನಿಂತಿತ್ತು, ಪೋರ್ಚುಗೀಸರು ಕುದುರೆ ವ್ಯಾಪಾರವನ್ನು ಮುಷ್ಟಿಯಲ್ಲಿಟ್ಟುಕೊಳ್ಳಲು ಯಾಕೆ ಹೆಣಗಿದರು, ರಾಯರು ಅವರ ಸ್ನೇಹವನ್ನು ಯಾಕೆ ಬಯಸಿದರು ಎಂಬುದೆಲ್ಲ ಈ ಒಂದು ಮಾತಿನಿಂದ ಬಿಡಿಸಿಕೊಳ್ಳುತ್ತದೆ. ನಾಣ್ಯದ ಲೆಕ್ಕವೂ ಅಷ್ಟೇ ಚೊಕ್ಕ. ಒಂದು ಪರ್ದಾವಿಗೆ 20 ಪಣ, ಒಂದು ಪಣಕ್ಕೆ 16 ತಾರ, ಒಂದು ತಾರಕ್ಕೆ 16 ಕಾಸು. ಓದುಗರನ್ನು ಬೆರಗುಗೊಳಿಸಲು ಯಾರೂ ಚಿಲ್ಲರೆಯ ಲೆಕ್ಕ ಬರೆಯುವುದಿಲ್ಲ. ಜೇಬಿಗೆ ಕೈ ಹಾಕಿದವನು ಮಾತ್ರ ಬರೆಯುತ್ತಾನೆ.

ಹಾಗಾದರೆ ಅವನು ಹಂಪಿಗೆ ಹೋಗಿದ್ದನೇ, ಇಲ್ಲವೇ? ಅನುಮಾನಕ್ಕೆ ಕಾರಣಗಳಿವೆ. ಸಾಮ್ರಾಜ್ಯವನ್ನು ಅವನು ಕರೆಯುವುದು ನರಸಿಂಗ ಎಂದು. 1491ರಲ್ಲಿ ತೀರಿಕೊಂಡ ಸಾಳುವ ನರಸಿಂಹನ ಹೆಸರು ಕರಾವಳಿಯ ಪೋರ್ಚುಗೀಸರ ಬಾಯಲ್ಲಿ ನಾಡಿನ ಹೆಸರಾಗಿ ಉಳಿದುಬಿಟ್ಟಿತ್ತು. ತಾನು ಕಂಡೆನೆನ್ನುವ ರಾಜನ ಹೆಸರನ್ನು ಅವನು ಹೇಳುವುದಿಲ್ಲ. ಆ ರಾಜ ಕ್ರೈಸ್ತರ, ಅದರಲ್ಲೂ ಪೋರ್ಚುಗಲ್ ದೊರೆಯ ದೊಡ್ಡ ಸ್ನೇಹಿತ ಎನ್ನುತ್ತಾನೆ. 1505ರಲ್ಲಿ ಅಲ್ಮೇಡನನ್ನು ನೋಡಲು ವಿಜಯನಗರದ ರಾಯಭಾರಿ ಬಂದದ್ದು ಕಣ್ಣೂರಿಗೆ, ವರ್ತೆಮ ಅದೇ ವರ್ಷದ ಕೊನೆಯಲ್ಲಿ ಓಡಿಬಂದು ಸೇರಿಕೊಂಡದ್ದೂ ಕಣ್ಣೂರಿಗೆ. ರಾಜನ ವೇಷಭೂಷಣ, ಕುದುರೆಯ ಮೇಲಿನ ಒಡವೆ, ಆನೆಯ ಸೊಂಡಿಲಿಗೆ ಕಟ್ಟುವ ಕತ್ತಿ, ಇವನ್ನೆಲ್ಲ ಅಲ್ಲೇ ಕೂತು ಕೇಳಿ ಬರೆಯಬಹುದಿತ್ತು. ಹೋಗಿದ್ದ ಎನ್ನಲೂ ಸಾಧ್ಯವಿದೆ. ಈ ಪ್ರಶ್ನೆಗೆ ಪುಸ್ತಕದೊಳಗಿನಿಂದ ಖಚಿತ ಉತ್ತರ ಹೊರಡುವುದಿಲ್ಲ.

ಹೊರಡಬೇಕಾಗಿಯೂ ಇಲ್ಲ. ಸಾಹಸಿಯ ಆತ್ಮಕಥೆ ಓದುವವರು ಇದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಅವನು ಹಂಪಿಗೆ ಹೋಗಿರಲಿ ಬಿಡಲಿ, ಕುದುರೆಯ ಬೆಲೆಯ ಮಾತು ಬೀಳುವುದಿಲ್ಲ. ಪರ್ಷಿಯಾ ಕಡೆಯ ಕುದುರೆ ಇಳಿಯುತ್ತಿದ್ದದ್ದು ಕಣ್ಣೂರಿನ ಬಂದರಿನಲ್ಲಿ, ಅಲ್ಲಿ ಅವನು ಇದ್ದದ್ದು ಖಚಿತ. ಕುದುರೆಯ ದರ ಹಂಪಿಯ ಅರಮನೆಯಲ್ಲಿದ್ದವನಿಗಿಂತ ಕಣ್ಣೂರಿನ ವರ್ತಕನಿಗೇ ಚೆನ್ನಾಗಿ ಗೊತ್ತಿರುತ್ತದೆ. ನಗರದ ಗೋಡೆ, ಸ್ವರ್ಗ, 40,000 ಸವಾರರು ಮಾತ್ರ 'ನಾನು ಕಂಡೆ' ಎಂಬ ಒಂದೇ ಕಂಬದ ಮೇಲೆ ನಿಂತಿವೆ. ಕಂಬ ಅಲುಗಾಡಿದರೆ ಅವೂ ಅಲುಗಾಡುತ್ತವೆ. 'ಇವನು ನಂಬಿಕಸ್ಥನೇ' ಎಂಬುದು ಹೆಣ್ಣು ಕೊಡುವಾಗ ಕೇಳುವ ಪ್ರಶ್ನೆ. ಇತಿಹಾಸಕ್ಕೆ ಬೇಕಾದದ್ದು 'ಈ ಸಾಲು ಇವನಿಗೆ ಹೇಗೆ ತಿಳಿಯಿತು' ಎಂಬುದು.

ಕರಾವಳಿಗೆ ಬನ್ನಿ, ಈ ಪರೀಕ್ಷೆಯಲ್ಲಿ ಅವನು ಸಲೀಸಾಗಿ ಪಾಸಾಗುತ್ತಾನೆ. ಭಟ್ಕಳ ಗೋಡೆಯಿರುವ ಚೆಲುವಾದ ಪಟ್ಟಣ, ಕಡಲಿನಿಂದ ಒಂದು ಮೈಲಿಯಷ್ಟು ಒಳಗೆ, ನೇರ ಬಂದರಿಲ್ಲ, ಹೊಳೆಯ ಮೂಲಕ ಬರಬೇಕು, ಅಕ್ಕಿ ಮತ್ತು ಸಕ್ಕರೆ ಹೇರಳ ಎನ್ನುತ್ತಾನೆ. ಭಟ್ಕಳ ಬಲ್ಲವರಿಗೆ ಶರಾಬಿ ಹೊಳೆ ಗೊತ್ತು. ಕಣ್ಣೂರಿನಲ್ಲಿ ವರ್ಷಗಟ್ಟಲೆ ಇದ್ದು ಮಲಯಾಳ ಕಲಿತ ಬಾರ್ಬೊಸ ಕೂಡ ಭಟ್ಕಳದ ಹೆಸರೆತ್ತಿದೊಡನೆ ಅಕ್ಕಿ ಮತ್ತು ಸಕ್ಕರೆಯನ್ನೇ ಹೇಳುತ್ತಾನೆ. ಅಚ್ಚು ಮಾಡುವುದು ಅವರಿಗೆ ಗೊತ್ತಿಲ್ಲ, ಪುಡಿ ಸಕ್ಕರೆಯಾಗಿ ಮಾರುತ್ತಾರೆ ಎಂಬ ವಿವರವನ್ನೂ ಸೇರಿಸುತ್ತಾನೆ. ಹೊನ್ನಾವರದ ದೊರೆಯ ಏಳೆಂಟು ಹಡಗುಗಳು ಸದಾ ಕಡಲಲ್ಲಿ ಹೊಂಚು ಹಾಕಿ ತಿರುಗುತ್ತವೆ ಎನ್ನುತ್ತಾನೆ ವರ್ತೆಮ. ಪೋರ್ಚುಗೀಸ್ ದಾಖಲೆಗಳ ತಿಮ್ಮೋಜ, ಮುಂದೆ 1510ರಲ್ಲಿ ಗೋವಾ ಹಿಡಿಯಲು ಅಲ್ಬುಕರ್ಕನಿಗೆ ನೆರವಾದವನು, ಇದೇ ಹೊನ್ನಾವರದ ಹಡಗುಪಡೆಯವನು. ಮಂಗಳೂರಿನಲ್ಲಿ ಅಕ್ಕಿ ತುಂಬಿಕೊಳ್ಳುವ 50-60 ಹಡಗುಗಳನ್ನು ಹೇಳುತ್ತಾನೆ. ನಮ್ಮ ಕರಾವಳಿಯ ಆರ್ಥಿಕ ಇತಿಹಾಸ ಬರೆಯುವವರಿಗೆ ಇವು ನಿಜವಾದ ಸರಕು. ಆದರೆ ಅಕ್ಕಿ ಹಡಗಿಗೆ ಸಭೆಯಲ್ಲಿ ಚಪ್ಪಾಳೆ ಬೀಳುವುದಿಲ್ಲ.

ಇನ್ನು ಕಲ್ಲಿಕೋಟೆ. ನಮ್ಮ ಅರ್ಧಸತ್ಯದ ಬಣ್ಣ ಪೂರ್ತಿ ಬಯಲಾಗುವುದು ಇಲ್ಲೇ. ಸಾಮೂದಿರಿ ದೊರೆಯ ಪೂಜಾಗೃಹವನ್ನು ವರ್ತೆಮ ಹೀಗೆ ಬಣ್ಣಿಸುತ್ತಾನೆ. ಪುಟ್ಟ ಕೋಣೆ, ಬಾಗಿಲ ಮರದ ತುಂಬ ದೆವ್ವಗಳ ಕೆತ್ತನೆ, ನಡುವೆ ಲೋಹದ ಪೀಠದ ಮೇಲೆ ಲೋಹದ ದೆವ್ವ. ಅದರ ತಲೆಯ ಮೇಲೆ ಪೋಪನ ಮೂರಂತಸ್ತಿನ ಕಿರೀಟದಂಥ ಕಿರೀಟ, ನಾಲ್ಕು ಕೊಂಬು, ನಾಲ್ಕು ದಾಡೆ, ತೆರೆದ ದೊಡ್ಡ ಬಾಯಿ, ಕೊಕ್ಕೆಯಂಥ ಕೈ, ಹುಂಜದ ಕಾಲು. ಒಂದು ಆತ್ಮ ಬಾಯಲ್ಲಿ, ಇನ್ನೊಂದು ಕೈಯಲ್ಲಿ. ಕೇರಳದ ಯಾವ ದೇವಸ್ಥಾನದಲ್ಲೂ ಇಂಥ ಮೂರ್ತಿ ಇರಲು ಸಾಧ್ಯವಿಲ್ಲ. ಯೂರೋಪಿನ ಇಗರ್ಜಿಗಳ ಗೋಡೆಯ ಮೇಲೆ, ಅಂತಿಮ ತೀರ್ಪಿನ ಚಿತ್ರಗಳಲ್ಲಿ, ಪಾಪಿಗಳನ್ನು ನುಂಗುತ್ತ ಕೂತಿರುವ ಸೈತಾನನ ಪ್ರತಿರೂಪ ಇದು. ಅವನು ಬಾಲ್ಯದಿಂದ ಕಂಡದ್ದು ಅದನ್ನೇ. ಕಲ್ಲಿಕೋಟೆಯ ಮಬ್ಬುಗತ್ತಲಲ್ಲಿ ಕಂಡದ್ದೂ ಅದನ್ನೇ, ಅಲ್ಲಿಗೆ ಹೋಗಿದ್ದರೆ. ವಿಚಿತ್ರವೆಂದರೆ ಅದೇ ಅಧ್ಯಾಯದಲ್ಲಿ ಬ್ರಾಹ್ಮಣರು ಬೆಳಿಗ್ಗೆ ಎದ್ದು ಆ ವಿಗ್ರಹವನ್ನು ಸುವಾಸನೆಯ ನೀರಿನಿಂದ ತೊಳೆದು ಧೂಪ ಹಾಕುವುದನ್ನೂ ಬರೆದಿದ್ದಾನೆ. ಅಭಿಷೇಕ ನಿಜ, ದೇವರು ಸುಳ್ಳು.

ಈ ವರ್ಣನೆಯ ಫಲ ಸಣ್ಣದಾಗಿರಲಿಲ್ಲ. 1515ರ ಜರ್ಮನ್ ಆವೃತ್ತಿಗೆ ಯೋರ್ಗ್ ಬ್ರೊಯ್ ಎಂಬ ಕಲಾವಿದ, ಭಾರತದ ಮುಖವನ್ನೇ ನೋಡದವನು, ಆ ದೆವ್ವದ ಚಿತ್ರ ಕೆತ್ತಿದ. ಇಂಥ ವರ್ಣನೆ, ಚಿತ್ರಗಳಿಂದ ಹಿಂದೂ ದೇವರೆಂದರೆ ರಾಕ್ಷಸ ಎಂಬ ಕಲ್ಪನೆ ಯೂರೋಪಿನಲ್ಲಿ ಶತಮಾನಗಳ ಕಾಲ ಬೇರೂರಿದ್ದನ್ನು ಕಲಾ ಇತಿಹಾಸಕಾರ ಪಾರ್ಥ ಮಿಟ್ಟರ್ 1977ರಷ್ಟು ಹಿಂದೆಯೇ ವಿಸ್ತಾರವಾಗಿ ತೋರಿಸಿಕೊಟ್ಟಿದ್ದಾರೆ.

ನಮ್ಮ ಭಾಷಣಕಾರರನ್ನು ಈಗ ಕೇಳಬೇಕು. ಸುಳ್ಳು ಹೇಳಿ ಅವನಿಗೇನಾಗಬೇಕಿತ್ತು ಎಂಬ ನಿಮ್ಮ ಪ್ರಶ್ನೆ ಹಂಪಿಯಲ್ಲಿ ನಿಜವಾದರೆ ಕಲ್ಲಿಕೋಟೆಯಲ್ಲೂ ನಿಜವಾಗಬೇಕಲ್ಲವೇ? ಅದೇ ಮನುಷ್ಯ, ಅದೇ ಪುಸ್ತಕ, ಅದೇ ಕಣ್ಣು. ಹಂಪಿ ಸ್ವರ್ಗ ಎಂದಾಗ ನಿಷ್ಪಕ್ಷಪಾತ ಸಾಕ್ಷಿ, ಕಲ್ಲಿಕೋಟೆಯ ದೇವರು ದೆವ್ವ ಎಂದಾಗ ಪೂರ್ವಗ್ರಹಪೀಡಿತ ಪರಂಗಿ! ಇದನ್ನು ಸಾಕ್ಷ್ಯದ ವಿಚಾರಣೆ ಎನ್ನುವುದಿಲ್ಲ, ತಮಗೆ ಬೇಕಾದ ಪುಟ ಹರಿದುಕೊಳ್ಳುವುದು ಎನ್ನುತ್ತಾರೆ.

ಇದಕ್ಕೆ ಎದುರಾಗಿ ಇನ್ನೊಂದು ಪಂಗಡವಿದೆ. ಸ್ವಲ್ಪ ಹೆಚ್ಚು ಓದಿದವರು, ನಗುವುದರಲ್ಲಿ ಮುಂದು. 'ಮೆಕ್ಕಾದಲ್ಲಿ ಒಂಟಿಕೊಂಬಿನ ಕುದುರೆ ಕಂಡವನ ಮಾತು ಕಟ್ಟಿಕೊಂಡು ಏನು ಮಾಡುತ್ತೀರಿ' ಎನ್ನುತ್ತಾರೆ. ಹೌದು, ಮೆಕ್ಕಾದ ಮಸೀದಿಯ ಬಳಿ ಆವರಣವೊಂದರಲ್ಲಿ ಇಥಿಯೋಪಿಯಾದ ದೊರೆ ಕಳಿಸಿದ ಎರಡು ಒಂಟಿಕೊಂಬಿನ ಪ್ರಾಣಿಗಳನ್ನು ಕಂಡೆ, ದೊಡ್ಡದಕ್ಕೆ ಮೂರು ಮೊಳದ ಕೊಂಬು ಎಂದು ಬರೆದಿದ್ದಾನೆ. ಮಲುಕು ದ್ವೀಪಗಳ ಯಾನವಂತೂ ಬಹುಪಾಲು ಕಟ್ಟುಕಥೆಯೇ ಇರಬೇಕು. ಪುಸ್ತಕದಲ್ಲಿರುವ ಕೆಲವೇ ತಾರೀಕುಗಳನ್ನು ಕೂಡಿ ಕಳೆದರೆ, ಮಳೆಗಾಲದ ಗಾಳಿಗೆ ಕಾದು ಹಡಗು ಬಿಡಬೇಕಿದ್ದ ಆ ಕಾಲದಲ್ಲಿ ಅಷ್ಟು ದೂರ ಹೋಗಿಬರಲು ಉಳಿಯುವುದು ತಿಂಗಳುಗಳು ಮಾತ್ರ. ಗೋವಾದಲ್ಲಿ ನೆಲೆಸಿದ್ದ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲೇ ಬರೆದಿದ್ದಾನೆ: ಇವನು ಕಲ್ಲಿಕೋಟೆ, ಕೊಚ್ಚಿ ದಾಟಿ ಹೋದವನಲ್ಲ, ಇವನನ್ನು ಅಲ್ಲಿ ಕಂಡವರಿಂದಲೇ ತಿಳಿದಿದ್ದೇನೆ ಎಂದು. ಹಾಗಾಗಿ ಈ ಪಂಗಡದ ತೀರ್ಪು: ಪುಸ್ತಕ ಕಸದ ಬುಟ್ಟಿಗೆ.

ಆದರೆ ಒಂಟಿಕೊಂಬಿನ ಅದೇ ಮನುಷ್ಯ, ಪ್ರವಾದಿಯ ಶವಪೆಟ್ಟಿಗೆ ಮದೀನಾದಲ್ಲಿ ಅಯಸ್ಕಾಂತದ ಬಲದಿಂದ ಗಾಳಿಯಲ್ಲಿ ತೇಲುತ್ತಿದೆ ಎಂದು ಯೂರೋಪು ಶತಮಾನಗಳಿಂದ ನಂಬಿದ್ದ ಕಥೆಯನ್ನು ಸುಳ್ಳು ಎಂದು ಸಾರಿದ. ಜನ ಕೇಳಬಯಸುತ್ತಿದ್ದ ಪವಾಡವನ್ನು ಕೈಬಿಡುವುದರಲ್ಲಿ ಅವನಿಗೆ ಲಾಭವಿರಲಿಲ್ಲ. ಮುನ್ನೂರೈವತ್ತು ವರ್ಷದ ಬಳಿಕ, 1853ರಲ್ಲಿ, ಅದೇ ರೀತಿ ವೇಷ ಮರೆಸಿಕೊಂಡು ಮೆಕ್ಕಾ ನೋಡಿದ ರಿಚರ್ಡ್ ಬರ್ಟನ್ ತನ್ನ ಪುಸ್ತಕದ ಅನುಬಂಧದಲ್ಲಿ ವರ್ತೆಮನ ಭಾಗವನ್ನು ಸೇರಿಸಿ ಅವನ ಕಣ್ಣಿನ ನಿಖರತೆಯನ್ನು ಮೆಚ್ಚಿದ್ದಾನೆ. ಕಲ್ಲಿಕೋಟೆಯಲ್ಲಿ ಸಾಮೂದಿರಿಗೆ ಫಿರಂಗಿ ಎರಕ ಹೊಯ್ದುಕೊಡುತ್ತಿದ್ದ ಇಬ್ಬರು ಇಟಾಲಿಯನ್ನರ ಕಥೆ ಸಿನಿಮಾದಂತೆ ಕಾಣುತ್ತದೆ, ಆದರೆ ಆ ಇಬ್ಬರು ಪೋರ್ಚುಗೀಸ್ ವೃತ್ತಾಂತಗಳಲ್ಲೂ ಇದ್ದಾರೆ. ಓರ್ತಾನ ಆಕ್ಷೇಪವನ್ನೇ ಗಮನವಿಟ್ಟು ಓದಿ. ಕಲ್ಲಿಕೋಟೆ, ಕೊಚ್ಚಿಯವರೆಗೆ ಇವನು ಇದ್ದದ್ದನ್ನು ಅವನು ನಿರಾಕರಿಸುವುದೇ ಇಲ್ಲ. ಬೈಯುತ್ತಲೇ ಅರ್ಧ ಪುಸ್ತಕಕ್ಕೆ ಸಾಕ್ಷಿ ಹೇಳಿಹೋಗಿದ್ದಾನೆ!

ಒಂದು ವಿಷಯದಲ್ಲಿ ಸುಳ್ಳಾಡಿದವನ ಮಾತೆಲ್ಲ ಸುಳ್ಳು ಎಂಬ ಹಳೆಯ ಲ್ಯಾಟಿನ್ ಸೂತ್ರವನ್ನು ನಮ್ಮ ಸುಪ್ರೀಂ ಕೋರ್ಟೇ ಒಪ್ಪಿಲ್ಲ. 1957ರ ನಿಸಾರ್ ಅಲಿ ಪ್ರಕರಣದಲ್ಲಿ ಅದನ್ನು ಸ್ಪಷ್ಟವಾಗಿ ಹೇಳಿದೆ. ಸಾಕ್ಷಿಯ ಮಾತನ್ನು ಕೇರಿ ಕಾಳು, ಜೊಳ್ಳು ಬೇರೆ ಮಾಡುವುದು ನ್ಯಾಯಾಧೀಶರ ಕೆಲಸ ಎಂಬುದು ಅಂದಿನಿಂದ ಕೆಳಕೋರ್ಟಿನ ವಕೀಲರಿಗೂ ಬಾಯಿಪಾಠ. ಕೊಲೆ ಮೊಕದ್ದಮೆಗೆ ಸಾಕಾಗುವ ಈ ವಿವೇಕ ಇತಿಹಾಸಕ್ಕೆ ಯಾಕೆ ಬೇಡವಾಯಿತು? ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮ ಹಳ್ಳಿಯ ಗಾದೆಯೇ ಹೇಳುತ್ತದೆ. ಕಂಡವನಿಗೇ ಆ ಮಾತು ಅನ್ವಯಿಸುವಾಗ, ಕಂಡವನು ಬರೆದದ್ದನ್ನು ಅನುವಾದದಲ್ಲಿ ಓದುವ ನಮಗೆ ಇನ್ನೆಷ್ಟು ಅನ್ವಯಿಸಬೇಕು?

ಇನ್ನೊಂದು ದೂರು ಬಾಕಿ ಇದೆ. ಪ್ರವಾಸಿಗಳು ಮಾಡಿದ ಉತ್ಪ್ರೇಕ್ಷೆ ಸಾಲದೆಂದು ನಾವೂ ನಮ್ಮ ಕೈಯಿಂದ ಸೇರಿಸುತ್ತೇವೆ. ಹಂಪಿಯ ಬೀದಿಯಲ್ಲಿ ಮುತ್ತು ರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರು ಎಂಬುದು ಕನ್ನಡ ನಾಡಿನ ಮಕ್ಕಳಿಗೆಲ್ಲ ಗೊತ್ತು, ಅದಕ್ಕೆ ಆಧಾರ ಕೇಳಿದರೆ 'ವಿದೇಶಿ ಪ್ರವಾಸಿಗಳು ಬರೆದಿದ್ದಾರಲ್ಲ' ಎಂಬ ಉತ್ತರ. ರಜಾಕ್ ಬರೆದದ್ದು ಇಷ್ಟು: ಅಕ್ಕಸಾಲಿ ಪೇಟೆಯಲ್ಲಿ ಮಾಣಿಕ್ಯ, ಮುತ್ತು, ವಜ್ರ, ಪಚ್ಚೆಗಳನ್ನು ಬಹಿರಂಗವಾಗಿ ಮಾರುತ್ತಾರೆ. ಪೇಸ್ ಕೂಡ ಆ ಬೀದಿಯಲ್ಲಿ ಎಂತೆಂಥ ಹರಳುಗಳು ಸಿಗುತ್ತವೆ ಎಂದು ಪಟ್ಟಿ ಕೊಡುತ್ತಾನೆ. ಬಳ್ಳ, ಸೇರು, ರಾಶಿ ಇವರ ಮಾತಲ್ಲ. ಬಹಿರಂಗವಾಗಿ ಮಾರುತ್ತಿದ್ದರು ಎಂಬುದು ನಿಜಕ್ಕೂ ಹೆಚ್ಚು ತೂಕದ ಮಾತು. ಪೇಟೆಯಲ್ಲಿ ಕಾವಲು ಗಟ್ಟಿಯಾಗಿತ್ತು, ವರ್ತಕನಿಗೆ ಕಳ್ಳನ ಭಯವೂ ಅಧಿಕಾರಿಯ ಭಯವೂ ಕಡಿಮೆಯಿತ್ತು ಎಂದು ಅದರಿಂದ ಊಹಿಸಬಹುದು. ಬಳ್ಳದಿಂದ ಏನನ್ನೂ ಊಹಿಸಲಾಗದು.

ಈ ಪ್ರವಾಸಿಗಳಲ್ಲಿ ನನಗೆ ಗೌರವ ಹೆಚ್ಚಿರುವುದು ಪೇಸ್ ಮೇಲೆ, ಅದಕ್ಕೆ ಕಾರಣ ಅವನ ಹೊಗಳಿಕೆಯಲ್ಲ. ನಗರದ ಗಾತ್ರ ಹೇಳಬೇಕಾದಾಗ ಅವನು ಗುಡ್ಡವೊಂದನ್ನು ಹತ್ತಿ ನೋಡುತ್ತಾನೆ. ಅಲ್ಲಿಂದಲೂ ಪೂರ್ತಿ ಕಾಣಲಿಲ್ಲ, ಬೆಟ್ಟಗಳು ಅಡ್ಡ ಬಂದವು, ಕಂಡಷ್ಟು ರೋಮ್ ನಗರದಷ್ಟಿದೆ ಎಂದು ಬರೆಯುತ್ತಾನೆ. ತನಗೆ ಎಲ್ಲಿಂದ ಕಂಡಿತು, ಎಷ್ಟು ಕಾಣಲಿಲ್ಲ ಎಂದು ಹೇಳುವ ಸಾಕ್ಷಿ ಸಿಕ್ಕರೆ ಯಾವ ವಕೀಲನಾದರೂ ಕೈಮುಗಿಯುತ್ತಾನೆ. ಆದರೆ ಹತ್ತು ಲಕ್ಷ ಸೈನಿಕರ ವಿಷಯಕ್ಕೆ ಬಂದಾಗ ಅದೇ ಪೇಸ್ ಯಾವ ಗುಡ್ಡವನ್ನೂ ಹತ್ತಿಲ್ಲ.

ಪ್ರವಾಸಿಗಳ ಬರಹ ಕನ್ನಡದಲ್ಲಿ ಸಿಗುವುದಿಲ್ಲ ಎಂದು ತಪ್ಪಿಸಿಕೊಳ್ಳುವಂತಿಲ್ಲ. ಎಚ್.ಎಲ್. ನಾಗೇಗೌಡರು 'ಪ್ರವಾಸಿ ಕಂಡ ಇಂಡಿಯಾ' ಎಂದು ಸಂಪುಟಗಟ್ಟಲೆ ಕನ್ನಡಕ್ಕೆ ತಂದಿಟ್ಟರು, ಸೀವೆಲ್ಲನ ಪುಸ್ತಕವೂ ಕನ್ನಡದಲ್ಲಿದೆ. ಕೊರತೆ ಇರುವುದು ಉದ್ಧರಣೆಯ ಮುಂದಿನ ಮತ್ತು ಹಿಂದಿನ ಪುಟ ತಿರುವುವ ತಾಳ್ಮೆಯಲ್ಲಿ. ಬೀದರಿನಲ್ಲಿದ್ದ ರಷ್ಯಾದ ಅಫನಾಸಿ ನಿಕಿತಿನ್ ಬಹಮನಿ ಅಮೀರರ ವೈಭವ, ಬಡವರ ದುಃಸ್ಥಿತಿ ಎರಡನ್ನೂ ಬರೆದ ಎಂದು ಎಲ್ಲರೂ ಉದ್ಧರಿಸುತ್ತಾರೆ. ಅಲ್ಲೇ ಆಚೀಚೆ ರಾತ್ರಿ ಹಾರುವ, ಕೊಲ್ಲಬಂದರೆ ಬಾಯಿಂದ ಬೆಂಕಿ ಉಗುಳುವ ಹಕ್ಕಿಯೂ, ಸೈನ್ಯ ಕಟ್ಟಿಕೊಂಡಿರುವ ಕೋತಿಗಳ ರಾಜನೂ ಇದ್ದಾರೆ. ಅವರನ್ನೂ ಓದಿದವನಿಗೆ ಮಾತ್ರ ಅಮೀರರ ವೈಭವದ ಸಾಲನ್ನು ಎಷ್ಟು ನಂಬಬೇಕೆಂದು ತಿಳಿಯುತ್ತದೆ.

ಆದ್ದರಿಂದ ಶಾಲಾ ಪುಸ್ತಕ ಬರೆಯುವವರಲ್ಲಿ, ಉತ್ಸವದ ಭಾಷಣ ಸಿದ್ಧಪಡಿಸುವವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ವರ್ತೆಮನ ಸ್ವರ್ಗವನ್ನು ಉದ್ಧರಿಸುವುದಾದರೆ ಅದೇ ಪುಟದ ಕುದುರೆಯ ಬೆಲೆಯನ್ನೂ, ಹೆಣ್ಣು ಕುದುರೆಯ ನಿಷೇಧವನ್ನೂ, ಕಲ್ಲಿಕೋಟೆಯ ಹುಂಜದ ಕಾಲಿನ ದೆವ್ವವನ್ನೂ ಜೊತೆಗೇ ಅಚ್ಚು ಹಾಕಿ. ಮೂರನ್ನೂ ಒಟ್ಟಿಗೆ ಇಡಲು ಮನಸ್ಸಿಲ್ಲದಿದ್ದರೆ, ಸ್ವರ್ಗವನ್ನೂ ಬಿಟ್ಟುಬಿಡಿ.